ಪದಚರ್ಚೆ: ಬಾಡಿಗೆ ಕರಾರು ಬೇರೆಯವರ ಹೆಸರಿನಲ್ಲಿರುವಾಗ ನೆರವು ಕೇಳುವವರಿಗೆ ಯಾವ ಪದ?

ಲೆಸ್ಟರ್‌ನಿಂದ, ಬುಧವಾರ ಬೆಳಿಗ್ಗೆ

ಮಾನ್ಯರೇ,

ಶುಕ್ರವಾರ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕಾದ ಒಂದು ಕರಪತ್ರದ ಕನ್ನಡ ರೂಪ ನನ್ನ ಕೈಯಲ್ಲಿದೆ. ಅದರ ಮೊದಲ ಸಾಲೇ ಇನ್ನೂ ಕುದುರಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದು ಆದಾಯ ಸಾಲದ ಹಿರಿಯರಿಗೆ ಊರಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕೊಡುವ ಹಣಕ್ಕೆ ಹೌಸಿಂಗ್ ಬೆನಿಫಿಟ್ ಎನ್ನುತ್ತಾರೆ. ದುಡಿಯುವ ವಯಸ್ಸಿನ ಹೆಚ್ಚಿನವರಿಗೆ ಈಗ ಅದರ ಬದಲು ಯೂನಿವರ್ಸಲ್ ಕ್ರೆಡಿಟ್ ಎಂಬ ಬೇರೆ ನೆರವು ಬಂದಿದೆ, ಆದರೆ ನನ್ನ ಕರಪತ್ರ ಪಿಂಚಣಿಯ ವಯಸ್ಸು ದಾಟಿದವರಿಗಾಗಿ.

ವಿಷಯ ಇಷ್ಟು. ನಾನು ವಾರಕ್ಕೆರಡು ದಿನ ಕೂರುವ ಸಲಹಾ ಕೇಂದ್ರಕ್ಕೆ ಹಾಸನದ ಕಡೆಯ ಒಬ್ಬ ತಾಯಿ ಬಂದಿದ್ದರು. ಯಜಮಾನರು ಊರಿಗೆ ಹೋದವರು ಮರಳಲಿಲ್ಲ, ಬಾಡಿಗೆ ಕಟ್ಟುವುದನ್ನೂ ನಿಲ್ಲಿಸಿದರು. ಕರಾರಿನಲ್ಲಿರುವುದು ಅವರೊಬ್ಬರ ಹೆಸರು. ಬಿಸ್ಕತ್ತಿನ ಡಬ್ಬಿಯಿಂದ ಬಾಡಿಗೆಯ ರಸೀತಿಗಳನ್ನು ತೆಗೆದು, ತಿಂಗಳ ಅನುಕ್ರಮದಲ್ಲಿ ಮೇಜಿನ ಮೇಲೆ ಹರಡಿ, ಒಂದೊಂದರ ಮೇಲೂ ಮುದ್ರಿತವಾಗಿದ್ದ ಗಂಡನ ಹೆಸರನ್ನು ಬೆರಳಿನಿಂದ ತೋರಿಸುತ್ತಾ ಆಕೆ ಕೇಳಿದ್ದು ಒಂದೇ ಮಾತು: "ಅಗ್ರಿಮೆಂಟು ಅವರ ಹೆಸರಲ್ಲಿದೆ, ಕೇಳೋಕೆ ನನಗೇನು ಹಕ್ಕಿದೆ?" ಹಕ್ಕಿದೆ. 2006ರ ಹೌಸಿಂಗ್ ಬೆನಿಫಿಟ್ ನಿಯಮಗಳಲ್ಲಿ 8ನೆಯದು, ಬಾಡಿಗೆ ಕಟ್ಟಬೇಕಾದವರು ಕಟ್ಟದೆ ಇದ್ದು, ಮನೆಯಲ್ಲಿ ಉಳಿಯಬೇಕಾದರೆ ಇನ್ನೊಬ್ಬರು ಕಟ್ಟಲೇಬೇಕಾಗಿ ಬಂದಾಗ, ಆ ಇನ್ನೊಬ್ಬರು ಹಿಂದೆ ಅವರ ಸಂಗಾತಿಯಾಗಿದ್ದವರಾದರೆ, ಅಥವಾ ಹೊಣೆಗಾರರೆಂದು ಎಣಿಸುವುದು ನ್ಯಾಯವೆನಿಸುವ ಬೇರೆ ಯಾರೇ ಆದರೂ, ಬಾಡಿಗೆಯ ಹೊಣೆ ಅವರದೇ ಎಂದು ಎಣಿಸಬೇಕೆನ್ನುತ್ತದೆ. ಅಣ್ಣನ ಹೆಸರಿನ ಮನೆಯಲ್ಲಿ ಉಳಿದ ತಂಗಿ ಈ ಎರಡನೆಯ ಗುಂಪಿಗೆ ಸೇರಬಹುದು.

ನನ್ನ ಮೊದಲ ಕರಡಿನಲ್ಲಿ "ಮನೆ ಬಾಡಿಗೆ ಭತ್ಯೆ" ಎಂದು ಬರೆದಿದ್ದೆ. ಓದಿ ನೋಡಿದ ನಿವೃತ್ತ ಶಿಕ್ಷಕಿಯೊಬ್ಬರು, ಅದು ಸಂಬಳದ ಚೀಟಿಯಲ್ಲಿ ಬರುವ ಬಾಬತ್ತು, ನೌಕರಿಯಲ್ಲಿಲ್ಲದವರು ಇದು ತಮಗಲ್ಲವೆಂದು ಕರಪತ್ರವನ್ನು ಅಲ್ಲೇ ಕೆಳಗಿಡುತ್ತಾರೆ ಎಂದರು. ಅವರ ಮಾತು ಸರಿ. "ವಸತಿ ಸೌಲಭ್ಯ" ಎಂದರೆ ಸರ್ಕಾರ ಮನೆಯನ್ನೇ ಮಂಜೂರು ಮಾಡುತ್ತದೆ ಎಂದುಕೊಳ್ಳುತ್ತಾರೆ. ಹೀಗಾಗಿ ಈ ಹಣಕ್ಕೆ ಒಂದು ಹೆಸರು ಬೇಕು. ಕರಾರಿನಲ್ಲಿ ಹೆಸರಿಲ್ಲದೆ ಮನೆಯಲ್ಲಿರುವವರಿಗೆ ಒಂದು ಪದ ಬೇಕು. "ಹೊಣೆಗಾರರೆಂದು ಎಣಿಸುವುದು" ಎಂಬುದಕ್ಕೆ ಇದಕ್ಕಿಂತ ಹಗುರವಾದ ಮಾತಿದ್ದರೆ ಅದೂ ಬೇಕು.

ಧಾರವಾಡದಿಂದ, ಬುಧವಾರ ಮಧ್ಯಾಹ್ನ

ಕನ್ನಡದಲ್ಲಿ ಇದಕ್ಕೆ ಪದವಿದೆ: ಒಕ್ಕಲು. ಬಾಡಿಗೆದಾರ ಎಂಬುದರಲ್ಲಿ "ದಾರ" ಪಾರಸಿಯದು, "ಬಾಡಿಗೆ" ಸಂಸ್ಕೃತದ ಭಾಟಕದ ತದ್ಭವ. ಕನ್ನಡದ್ದೆಂಬುದು ಅದರಲ್ಲಿ ಒಂದಕ್ಷರವೂ ಇಲ್ಲ. ಮನೆ ಬಿಡಿಸುವುದಕ್ಕೆ ನಾವು ಇಂದಿಗೂ "ಒಕ್ಕಲೆಬ್ಬಿಸು" ಎಂದೇ ಅನ್ನುತ್ತೇವೆ, ಕರಾವಳಿಯಲ್ಲಿ ಗೃಹಪ್ರವೇಶಕ್ಕೆ "ಮನೆ ಒಕ್ಕಲು" ಎನ್ನುತ್ತಾರೆ. ಎಬ್ಬಿಸುವಾಗ ಒಕ್ಕಲು, ಇರುವಾಗ ಮಾತ್ರ ಬಾಡಿಗೆದಾರ ಎಂಬುದು ಯಾವ ನ್ಯಾಯ? ಒಕ್ಕಲು ಎಂದರೆ ಮೂಲದಲ್ಲಿ ನೆಲೆಸುವಿಕೆ, ಬೀಡು ಎಂಬುದೇ ನನ್ನ ನಿಲುವು. ಕಣದಲ್ಲಿ ತೆನೆ ತುಳಿಸುವ ಒಕ್ಕಣೆಗೆ ಅದನ್ನು ಗಂಟು ಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕರಾರಿನಲ್ಲಿ ಹೆಸರಿರುವವರನ್ನು "ಹೆಸರೊಕ್ಕಲು" ಎಂದೂ, ಮನೆಯಲ್ಲಿರುವವರನ್ನು "ಇರುವೊಕ್ಕಲು" ಎಂದೂ ಕರೆಯಿರಿ. ಕರಾರು, ಅರ್ಜಿ ಎರಡನ್ನೂ ಬಿಟ್ಟು ಒಪ್ಪಂದ, ಬೇಡಿಕೆ ಎಂದು ಬರೆಯಿರಿ.

"ವಸತಿ ನೆರವು" ಎಂದು ಮಾತ್ರ ಯಾರೂ ಸೂಚಿಸಬಾರದು. ಅದು ಅರಿಸಮಾಸ, ಸಂಸ್ಕೃತದ ಪದಕ್ಕೆ ಕನ್ನಡದ ಪದವನ್ನು ಬೆಸೆದದ್ದು.

ಮೈಸೂರಿನಿಂದ, ಬುಧವಾರ ಸಂಜೆ

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬೇರೆಯವರ ಹೆಸರಿನಲ್ಲಿರುವುದು ಬೇನಾಮಿ. "ಬೇನಾಮಿ ಬಾಡಿಗೆದಾರರು" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಉಡುಪಿಯಿಂದ, ಬುಧವಾರ ರಾತ್ರಿ

ಮೈಸೂರಿನವರ ಸೂಚನೆಯನ್ನು ದಯವಿಟ್ಟು ಹಿಂದಕ್ಕೆ ಪಡೆಯಬೇಕು. ಬೇನಾಮಿ ಎಂಬುದು ಪಾರಸಿಯಲ್ಲಿ ಬರಿ "ಹೆಸರಿಲ್ಲದ್ದು" ಆಗಿರಬಹುದು, ಆದರೆ 1988ರ ಬೇನಾಮಿ ವ್ಯವಹಾರಗಳ ನಿಷೇಧ ಕಾಯ್ದೆಯಿಂದೀಚೆಗೆ ಕನ್ನಡ ಓದುಗನಿಗೆ ಆ ಪದ ಕೇಳಿದ ಕೂಡಲೇ ನೆನಪಾಗುವುದು ಮುಚ್ಚಿಟ್ಟ ಆಸ್ತಿ ಮತ್ತು ವಂಚನೆ. ರಸೀತಿಗಳನ್ನು ಜೋಪಾನವಾಗಿ ಇಟ್ಟುಕೊಂಡ ಹೆಂಗಸಿಗೆ ಈ ಪದ ತಗಲಬಾರದು.

ಧಾರವಾಡದ ಹಿರಿಯರಿಗೆ ನನ್ನ ಉತ್ತರ ಸ್ವಲ್ಪ ಉದ್ದವಾದೀತು. ಒಕ್ಕಲು ಎಂಬ ಪದದ ಹಳಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ದಿನವೂ ಕೇಳಿ ಬೆಳೆದವನು ನಾನು. ಆದ್ದರಿಂದಲೇ ಬೇಡವೆನ್ನುತ್ತೇನೆ. ನಮ್ಮ ಕಡೆ ಒಕ್ಕಲು ಎಂದರೆ ಧಣಿಯ ಅಂಗಳದಲ್ಲಿ ನಿಂತು ಮಾತಾಡಬೇಕಾದವನು. ಮೂಲಗೇಣಿಯವನಿಗೆ ನೆಲ ಕಾಯಮ್ಮಾಗಿತ್ತು, ಚಾಲಗೇಣಿಯವನನ್ನು ಯಾವಾಗ ಬೇಕಾದರೂ ಬಿಡಿಸಬಹುದಿತ್ತು; ಆದರೆ ಒಕ್ಕಲು ಎಂಬ ಹೆಸರು ಇಬ್ಬರಿಗೂ ಒಂದೇ ಆಗಿತ್ತು. ನನ್ನ ತಂದೆಯವರಿಗೆ ಆ ಪದದಿಂದ ಬಿಡುಗಡೆ ಸಿಕ್ಕಿದ್ದು 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ. ಲೆಸ್ಟರ್‌ನಲ್ಲಿ ವಾಸಿಸುವ ಹಿರಿಯರ ಕೈಗೆ ಅದೇ ಪದವನ್ನು ಮರಳಿ ಕೊಡುವುದು ಸರಿಯಲ್ಲ.

ಆ ತಿದ್ದುಪಡಿಯ ಕಾಲದಲ್ಲೇ ಈ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ಗೇಣಿಚೀಟಿ ಅಣ್ಣನ ಹೆಸರಿನಲ್ಲಿ, ಗದ್ದೆಯಲ್ಲಿ ದುಡಿದವರು ತಮ್ಮಂದಿರು. ಭೂನ್ಯಾಯಮಂಡಳಿಗೆ ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟವನು ಹಿರಿಯನೊಬ್ಬನೇ. ಆ ಹಕ್ಕು ಅವನಿಗೋ ಕುಟುಂಬಕ್ಕೋ ಎಂಬ ವ್ಯಾಜ್ಯಗಳು ಹೈಕೋರ್ಟಿನವರೆಗೂ ನಡೆದಿವೆ. ಆಗ ದಾಖಲೆ ಬರೆಯುವವರು ಹೆಸರಿನ ಮನುಷ್ಯನಿಗೊಂದು, ದುಡಿಯುವ ಮನುಷ್ಯನಿಗೊಂದು ಎಂದು ಹೊಸ ಪದಗಳನ್ನು ಟಂಕಿಸಲು ಹೋಗಲಿಲ್ಲ. ಪಹಣಿಯ 9ನೆಯ ಕಾಲಮ್ಮಿನಲ್ಲಿ ಖಾತೆದಾರನ ಹೆಸರು, 12ನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು. ಮಾಡುವ ಕೆಲಸವನ್ನೇ ಹೇಳಿದರು, ಎಲ್ಲರಿಗೂ ಅರ್ಥವಾಯಿತು. ನೀವೂ ಹಾಗೆಯೇ "ಬಾಡಿಗೆ ಕಟ್ಟುತ್ತಿರುವವರು" ಎನ್ನಬಹುದು. "ಬಾಡಿಗೆ ಕೊಡುವವರು" ಎಂದು ಮಾತ್ರ ಬರೆಯಬೇಡಿ. ಅವಸರದಲ್ಲಿ ಓದುವವರು ಅದನ್ನು "ಬಾಡಿಗೆಗೆ ಕೊಡುವವರು" ಎಂದು ಓದಿಕೊಂಡರೆ ಬಾಡಿಗೆಗೆ ಇರುವವರು ಮನೆಯ ಮಾಲೀಕರಾಗಿಬಿಡುತ್ತಾರೆ.

ಬೆಂಗಳೂರಿನಿಂದ, ಗುರುವಾರ ಬೆಳಿಗ್ಗೆ

ನ್ಯಾಯಾಲಯದ ಕಾಗದಪತ್ರಗಳ ಅನುವಾದ ನನ್ನ ವೃತ್ತಿ. ಹೊಣೆಗಾರಿಕೆಗೆ ನಮ್ಮಲ್ಲಿ "ಬಾಧ್ಯತೆ" ಎಂಬ ಸ್ಥಿರವಾದ ಪಾರಿಭಾಷಿಕ ಪದವಿದೆ. "ಬಾಡಿಗೆ ಪಾವತಿಗೆ ಬಾಧ್ಯರೆಂದು ಭಾವಿಸತಕ್ಕದ್ದು" ಎಂಬುದು ಕಾನೂನಿನ ಕನ್ನಡ. ಅದನ್ನು ಸಡಿಲಿಸಿದರೆ ಅರ್ಥ ಜಾರುತ್ತದೆ.

ಅರ್ಜಿಯನ್ನು ಬಿಟ್ಟು ಬೇಡಿಕೆ ಎನ್ನಬೇಕೆಂಬ ಧಾರವಾಡದವರ ಮಾತನ್ನು ಒಪ್ಪಲಾರೆ. ಆಕೆ ಬೇಡುತ್ತಿಲ್ಲ. ಅರಬ್ಬಿಯಿಂದ ಬಂದದ್ದಾದರೂ ಅರ್ಜಿ ಎಂಬ ಪದದಲ್ಲಿ ಕೈಯೊಡ್ಡುವ ಭಾವವಿಲ್ಲ. ಕಚೇರಿಯವರು ಉತ್ತರ ಕೊಡಲೇಬೇಕಾದ ಕಾಗದ ಅದು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗಾದರೂ ಈ ವ್ಯತ್ಯಾಸ ಗೊತ್ತಿದೆ.

ಧಾರವಾಡದಿಂದ, ಗುರುವಾರ ಮಧ್ಯಾಹ್ನ

ಪಾರಸಿ, ಅರಬ್ಬಿ ಪದಗಳಿಗೆ ಗೌರವ, ಕನ್ನಡದ ಪದಕ್ಕೆ ಅಂಗಳದ ಅವಮಾನ. ಹೀಗೆಯೇ ಒಂದೊಂದನ್ನೂ ನೋವಿನ ನೆಪದಲ್ಲಿ ಕೈಬಿಡುತ್ತಾ ಹೋದರೆ, ಇನ್ನೈವತ್ತು ವರ್ಷಕ್ಕೆ ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳಷ್ಟೇ ಉಳಿದಾವು. ಉಡುಪಿಯವರ ತಂದೆಯವರ ಅನುಭವಕ್ಕೆ ತಲೆಬಾಗುತ್ತೇನೆ, ಆದರೆ ಪದ ಕೆಟ್ಟದ್ದಲ್ಲ, ಅದನ್ನು ಬಳಸಿದವರ ನಡತೆ ಕೆಟ್ಟದ್ದು. ಅರಿಸಮಾಸದ ಬಗ್ಗೆ ಯಾರೂ ಉತ್ತರಿಸಿಲ್ಲ.

ಉಡುಪಿಯಿಂದ, ಗುರುವಾರ ಸಂಜೆ

ಅರಿಸಮಾಸಕ್ಕೆ ಉತ್ತರ: ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹಾಕಿದ ಕಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಬೆಸೆಯುವುದರ ಮೇಲೆ, ಆತನೇ ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಗಳಿಗೂ ಅದರಿಂದ ವಿನಾಯಿತಿ ಕೊಟ್ಟಿದ್ದಾನೆ. ನಾವು ದಿನವೂ ಮಳೆಗಾಲ ಎನ್ನುತ್ತೇವೆ, ಕಟ್ಟಾಜ್ಞೆ ಎನ್ನುತ್ತೇವೆ. ಅದೆಲ್ಲ ಇರಲಿ, "ಬಾಡಿಗೆ ನೆರವು" ಎಂದು ಬರೆದರೆ ನಿಮ್ಮ ಆಕ್ಷೇಪವೇ ನಿಲ್ಲುವುದಿಲ್ಲ. ಬಾಡಿಗೆ ತದ್ಭವವೆಂದು ನೀವೇ ಹೇಳಿದ್ದೀರಿ, ನೆರವು ಅಚ್ಚಗನ್ನಡ, ತದ್ಭವಕ್ಕೂ ಕನ್ನಡಕ್ಕೂ ಸಮಾಸ ಸಲ್ಲುತ್ತದೆ.

ಬೆಂಗಳೂರಿನವರಿಗೂ ಒಂದು ಮಾತು. ನಮ್ಮ ಹಳ್ಳಿಗಳ ಕ್ರಯಪತ್ರಗಳಲ್ಲಿ "ಹಕ್ಕುಬಾಧ್ಯಸ್ಥರು" ಎಂದರೆ ಆಸ್ತಿಯಲ್ಲಿ ಪಾಲು ಕೇಳಬಲ್ಲವರು. "ನಿಮ್ಮನ್ನು ಬಾಧ್ಯಸ್ಥರೆಂದು ಭಾವಿಸಲಾಗುವುದು" ಎಂದು ಓದಿದ ಹಿರಿಯರು, ಮನೆಯೇ ತಮ್ಮ ಪಾಲಿಗೆ ಬಂತೆಂದು ತಿಳಿದರೆ ತಪ್ಪು ಅವರದಲ್ಲ.

ಲೆಸ್ಟರ್‌ನಿಂದ, ಗುರುವಾರ ರಾತ್ರಿ

ಎಲ್ಲರಿಗೂ ಕೃತಜ್ಞತೆಗಳು. ಉಡುಪಿಯವರ ಕೊನೆಯ ಮಾತು ನನ್ನನ್ನು ಒಂದು ದೊಡ್ಡ ತಪ್ಪಿನಿಂದ ಉಳಿಸಿತು, ಏಕೆಂದರೆ ಇಲ್ಲಿನ ಕಾನೂನಿನಲ್ಲಿ ನಿಜವಾದ ಅಪಾಯವಿರುವುದೇ ಅಲ್ಲಿ. ಹೊಣೆಗಾರರೆಂದು ಎಣಿಸುವುದು ಈ ನೆರವಿನ ಲೆಕ್ಕಕ್ಕೆ ಮಾತ್ರ. ಅದರಿಂದ ಕರಾರು ಆಕೆಯ ಹೆಸರಿಗೆ ಬರುವುದಿಲ್ಲ, ಮನೆಯ ಮೇಲೆ ಹೊಸ ಹಕ್ಕೂ ಹುಟ್ಟುವುದಿಲ್ಲ. ಹೆಂಡತಿಯಾಗಿ ಆಕೆಗಿರುವ ರಕ್ಷಣೆ ಬೇರೆ ಕಡೆಯಿಂದ ಬರುತ್ತದೆ: 1996ರ ಕುಟುಂಬ ಕಾನೂನು ಕಾಯ್ದೆಯ 30ನೆಯ ಕಲಮಿನಂತೆ, ಅವರಿಬ್ಬರ ಸಂಸಾರದ ಮನೆಯಾಗಿದ್ದ ಕಡೆ ಆಕೆ ಕಟ್ಟುವ ಬಾಡಿಗೆ ಗಂಡನೇ ಕಟ್ಟಿದಷ್ಟು ಸಲ್ಲುತ್ತದೆ. ಎರಡನ್ನೂ ಒಂದೇ ಪದದಲ್ಲಿ ಬೆರೆಸಿದರೆ ಓದುಗರಿಗೆ ಕೇಡಾಗುತ್ತದೆ. ಬಾಧ್ಯತೆಯನ್ನು ಬಿಟ್ಟು ಹೊಣೆಯನ್ನೇ ಇಟ್ಟುಕೊಂಡಿದ್ದೇನೆ.

ಬೇನಾಮಿಯನ್ನು ಕೈಬಿಡಲು ನನಗೆ ಇನ್ನೂ ಒಂದು ಕಾರಣವಿದೆ. ಅದೇ ನಿಯಮಗಳಲ್ಲಿ 9ನೆಯದು, ನೆರವು ಪಡೆಯುವುದಕ್ಕೆಂದೇ ಹುಟ್ಟಿಸಿದ ಬಾಡಿಗೆಯನ್ನೂ, ಒಂದೇ ಮನೆಯಲ್ಲಿ ಜೊತೆಗೆ ವಾಸಿಸುವ ಹತ್ತಿರದ ಸಂಬಂಧಿಗೆ ಕಟ್ಟುವ ಬಾಡಿಗೆಯನ್ನೂ ತಳ್ಳಿಹಾಕುತ್ತದೆ. ನಿಯಮ ಶಂಕಿಸುವವರಿಗೂ ನಿಯಮ ಕಾಪಾಡುವವರಿಗೂ ನಾವು ಒಂದೇ ಪದ ಕೊಡಲಾಗದು.

"ಹಿಂದೆ ಸಂಗಾತಿಯಾಗಿದ್ದವರು" ಎಂಬುದೂ ನನ್ನನ್ನು ಕಾಡಿತು. ಆ ತಾಯಿಗೆ ವಿಚ್ಛೇದನವಾಗಿಲ್ಲ. "ಮಾಜಿ ಪತಿ" ಎಂದು ಬರೆದರೆ ಅದು ತನ್ನ ಕಥೆಯೆಂದು ಆಕೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಈ ನಿಯಮಗಳು ನೋಡುವುದು ಒಂದೇ ಸಂಸಾರವಾಗಿ ಬದುಕುತ್ತಿದ್ದಾರೆಯೇ ಎಂಬುದನ್ನು. ಆದ್ದರಿಂದ "ಬಿಟ್ಟುಹೋದ ಗಂಡ ಅಥವಾ ಹೆಂಡತಿ" ಎಂದು ಬರೆದಿದ್ದೇನೆ.

ಧಾರವಾಡದ ಹಿರಿಯರ ಒಪ್ಪಂದವನ್ನು ತೆಗೆದುಕೊಳ್ಳಲಾಗಲಿಲ್ಲ, ಕ್ಷಮಿಸಬೇಕು. ಕೇಂದ್ರಕ್ಕೆ ಬರುವವರೆಲ್ಲ ಅಗ್ರಿಮೆಂಟು ಎನ್ನುತ್ತಾರೆ, ಕರಾರು ಎಂದರೂ ತಿಳಿಯುತ್ತದೆ, ಒಪ್ಪಂದ ಎಂದರೆ ದೇಶ ದೇಶಗಳ ನಡುವಿನದೆಂದು ಭಾವಿಸುತ್ತಾರೆ. ಹೌಸಿಂಗ್ ಬೆನಿಫಿಟ್ ಎಂಬ ಹೆಸರನ್ನೂ ಕನ್ನಡ ಲಿಪಿಯಲ್ಲಿ ಉಳಿಸಿದ್ದೇನೆ. ಕೌನ್ಸಿಲ್ಲಿನ ಕಾಗದದಲ್ಲಿ ಬರುವುದೂ, ಫೋನಿನಲ್ಲಿ ಆಕೆ ಹೇಳಬೇಕಾಗುವುದೂ ಅದೇ ಹೆಸರು. ಅಚ್ಚಿಗೆ ಕಳುಹಿಸುವ ಪಾಠ ಹೀಗಿದೆ. ತಪ್ಪಿದ್ದರೆ ನಾಳೆ ಬೆಳಗಿನೊಳಗೆ ತಿಳಿಸಿ.

"ಬಾಡಿಗೆ ಕರಾರು ಬೇರೆಯವರ ಹೆಸರಿನಲ್ಲಿದೆಯೇ? ಆದರೂ ನೀವು ಹೌಸಿಂಗ್ ಬೆನಿಫಿಟ್ ಎಂಬ ಬಾಡಿಗೆ ನೆರವಿಗೆ ಅರ್ಜಿ ಹಾಕಬಹುದು. ಕರಾರಿನಲ್ಲಿ ಹೆಸರಿರುವವರು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ್ದು, ಮನೆಯಲ್ಲಿ ಉಳಿಯಲು ನೀವೇ ಕಟ್ಟಬೇಕಾಗಿ ಬಂದಿದ್ದರೆ, ಬಾಡಿಗೆಯ ಹೊಣೆ ನಿಮ್ಮದೆಂದು ಕೌನ್ಸಿಲ್ ಎಣಿಸಬಹುದು. ಅವರು ಬಿಟ್ಟುಹೋದ ಗಂಡ ಅಥವಾ ಹೆಂಡತಿಯಾಗಿರಬಹುದು, ಬಂಧುಗಳಾಗಿರಬಹುದು. ನೀವು ಬಾಡಿಗೆ ಕಟ್ಟಿದ ರಸೀತಿ, ಬ್ಯಾಂಕಿನ ಕಾಗದ ಯಾವುದಿದ್ದರೂ ತನ್ನಿ; ಅದರ ಮೇಲೆ ನಿಮ್ಮ ಹೆಸರಿಲ್ಲದಿದ್ದರೂ ತನ್ನಿ. ನೆರವು ಸಿಕ್ಕಿದ ಮಾತ್ರಕ್ಕೆ ಕರಾರು ನಿಮ್ಮ ಹೆಸರಿಗೆ ಬರುವುದಿಲ್ಲ. ಅದನ್ನು ಬೇರೆಯಾಗಿ ವಿಚಾರಿಸಬೇಕು. ಕೌನ್ಸಿಲ್ ಇಲ್ಲವೆಂದರೆ, ಆ ಕಾಗದದ ತಾರೀಖಿನಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು ಅಥವಾ ಮೇಲ್ಮನವಿ ಸಲ್ಲಿಸಬಹುದು. ಸರ್ಕಾರದ ನೆರವು ಪಡೆಯಬಾರದೆಂಬ ಷರತ್ತು ನಿಮ್ಮ ವೀಸಾದಲ್ಲಿದ್ದರೆ, ಅರ್ಜಿ ಹಾಕುವ ಮೊದಲು ನಮ್ಮನ್ನು ಕಾಣಿ."

ಧಾರವಾಡದಿಂದ, ಶುಕ್ರವಾರ ಬೆಳಿಗ್ಗೆ

"ಮರುಪರಿಶೀಲನೆ" ಬೇಡ, "ಮತ್ತೊಮ್ಮೆ ನೋಡಿರೆಂದು ಕೇಳಬಹುದು" ಎಂದು ತಿದ್ದಿರಿ. ಉಳಿದದ್ದು ಹೋಗಲಿ.

ಲೆಸ್ಟರ್‌ನಿಂದ, ಶುಕ್ರವಾರ ಬೆಳಿಗ್ಗೆ

ತಿದ್ದಿದ್ದೇನೆ. ಅಚ್ಚಿಗೆ ಹೋಯಿತು.