ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಹಗಲು ಜಿಂಕೆ ಸಿಗ್ತಿಲ್ಲ: ಬೇಟೆಗೆ ಹೆದರಿ ಹುಷಾರಾದ್ವಾ, ಸೆಟ್ಟಿಂಗ್ ತಪ್ಪಾ?

ಆನೇಕಲ್_ಬದು
ಎಲ್ಲರಿಗೂ ನಮಸ್ಕಾರ. ಬನ್ನೇರುಘಟ್ಟ ಕಾಡಿನ ಅಂಚಿನ ಸ್ವಂತ ಜಮೀನಲ್ಲಿ, ಬದುವಿನ ಹೊಂಗೆ ಮರಕ್ಕೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯೋ ಕ್ಯಾಮೆರಾ) ಕಟ್ಟಿದೆ. ರಾತ್ರಿ ಚಿತ್ರಕ್ಕೆ 850 ನ್ಯಾನೋಮೀಟರ್ ಇನ್‌ಫ್ರಾರೆಡ್ ಬೆಳಕು, ಸೊಂಟದೆತ್ತರ, ಮುಖ ಪಶ್ಚಿಮಕ್ಕೆ, ಪ್ರಾಣಿ ಬರೋ ಹಾದಿಗೆ ನೇರ ಎದುರು. ರಾತ್ರಿ 10ರಿಂದ 4ರವರೆಗೆ ಚುಕ್ಕೆ ಜಿಂಕೆ ಬೀಳ್ತಿವೆ, ಹಗಲು ಒಂದೂ ಇಲ್ಲ. ಫೆಬ್ರವರಿ ತನಕ ಬೆಳಗ್ಗೆ 7ಕ್ಕೂ ಸಿಗ್ತಿದ್ವು. ರಾತ್ರಿ ಚಿತ್ರಗಳಲ್ಲೂ ಬಹಳಷ್ಟು ಕತ್ತೆತ್ತಿ ಲೆನ್ಸ್ ಕಡೆಗೇ ನೋಡ್ತಿರುತ್ತವೆ. ಟಾರ್ಚ್ ಹಿಡಿದು ರಾತ್ರಿ ಬೇಟೆಗೆ ಬರೋರಿದ್ದಾರೆ ಅಂತ ಊರಲ್ಲಿ ಮಾತಿದೆ. ಬೇಟೆ ಕಾಟ ಇದ್ದ ಕಡೆ ಜಿಂಕೆಗೆ ನಿಜಕ್ಕೂ ಬುದ್ಧಿ ಹೆಚ್ಚಾಗುತ್ತಾ?

ಸೆನ್ಸರ್_ಶಿವು
ಜಿಂಕೆ ವಿಚಾರಕ್ಕೆ ಆಮೇಲೆ ಬರೋಣ ಸರ್, ಮೊದಲು ಕ್ಯಾಮೆರಾ. ಟ್ರ್ಯಾಪ್‌ನ ಪಿಐಆರ್ ಸೆನ್ಸರ್ ಪ್ರಾಣಿಯನ್ನ ನೋಡಲ್ಲ. ಪ್ರಾಣಿಯ ಮೈ ಕಾವಿಗೂ ಹಿಂದಿನ ನೆಲದ ಕಾವಿಗೂ ವ್ಯತ್ಯಾಸ ಇದ್ದು, ಅದು ಸರಿದಾಡಿದಾಗ ಮಾತ್ರ ಕ್ಲಿಕ್ ಆಗುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲೇರ್ತಿದ್ದ ಹಾಗೆ ಒಣ ಮಣ್ಣು, ಬಂಡೆ ಎಲ್ಲಾ ಜಿಂಕೆಯ ಮೈಯಷ್ಟೇ ಕಾಯುತ್ತೆ. ಆ ಹೊತ್ತಲ್ಲಿ ಜಿಂಕೆ ಎದುರಿಗೇ ಹಾದು ಹೋದರೂ ಸೆನ್ಸರ್ ಸುಮ್ಮನಿರುತ್ತೆ. ರಾತ್ರಿ ನೆಲ ತಣ್ಣಗಾದ ಮೇಲೆ ಸರಿಯಾಗಿ ಕೆಲಸ ಮಾಡುತ್ತೆ. ನಿಮ್ಮ ಲಕ್ಷಣ ಅರ್ಧ ಇದಕ್ಕೇ ಹೊಂದುತ್ತೆ.

ಹಾದಿಗೆ ನೇರ ಎದುರು ಇಟ್ಟಿರೋದೂ ತಪ್ಪು. ಪ್ರಾಣಿ ಅಡ್ಡ ಹಾಯ್ದರೆ ಸೆನ್ಸರ್ ಚೆನ್ನಾಗಿ ಹಿಡಿಯುತ್ತೆ, ನೇರ ಎದುರು ನಡೆದು ಬಂದರೆ ತಡವಾಗಿ ಹಿಡಿಯುತ್ತೆ. ಹಾದಿಗೆ ಸುಮಾರು 45 ಡಿಗ್ರಿ ಓರೆ ಮಾಡಿ, ಮುಖ ಉತ್ತರಕ್ಕೆ ತಿರುಗಿಸಿ. ಪಶ್ಚಿಮಕ್ಕಿದ್ದರೆ ಸಂಜೆ ಬಿಸಿಲು ನೇರ ಲೆನ್ಸ್‌ಗೆ ಹೊಡೆಯುತ್ತೆ. ಎತ್ತರ 60ರಿಂದ 70 ಸೆಂ.ಮೀ. ಸಾಕು, ದೊಡ್ಡ ಗಂಡು ಜಿಂಕೆಯ ಭುಜವೇ 90 ಸೆಂ.ಮೀ. ಆಸುಪಾಸು. ಹಾದಿಯಿಂದ 3-4 ಮೀಟರ್ ದೂರ ಇರಲಿ. ಎದುರಿಗಿರೋ ಲಂಟಾನ ಕಡ್ಡಿ, ಉದ್ದ ಹುಲ್ಲು ತೆಗೀರಿ, ಇಲ್ಲದಿದ್ರೆ ಗಾಳಿಗೆ ಅಲ್ಲಾಡಿ ಖಾಲಿ ಚಿತ್ರ ತುಂಬುತ್ತೆ. ಗಡಿಯಾರದಲ್ಲಿ ಎಎಂ, ಪಿಎಂ ಅದಲುಬದಲಾಗಿದೆಯಾ ಅಂತಲೂ ನೋಡಿ. ಚಿತ್ರ ಕಪ್ಪು-ಬಿಳುಪಿದ್ದು ಸಮಯ ಬೆಳಗ್ಗೆ 11 ಅಂತ ಬಿದ್ದಿದ್ರೆ ತಪ್ಪು ಅಲ್ಲೇ ಇದೆ.

ಆದರೆ ಬೆಳಗ್ಗೆ 7ಕ್ಕೆ ನೆಲ ಇನ್ನೂ ತಂಪು. ಆ ಹೊತ್ತಿನ ಕೊರತೆಗೆ ಸೆನ್ಸರ್ ಒಂದನ್ನೇ ದೂರೋಕಾಗಲ್ಲ. ಟೈಮ್‌ಲ್ಯಾಪ್ಸ್ ಮೋಡ್‌ಗೆ ಹಾಕಿ, ಬೆಳಗ್ಗೆ 5:30ರಿಂದ 9:30, ಸಂಜೆ 4ರಿಂದ 6:30, ಐದು ನಿಮಿಷಕ್ಕೊಂದು ಚಿತ್ರ. ಇದರಲ್ಲಿ ಪಿಐಆರ್ ಪಾತ್ರವೇ ಇಲ್ಲ, ಜಿಂಕೆ ಬಂದು ನಿಂತರೆ ಬಿದ್ದೇ ಬೀಳುತ್ತೆ.

ಹೆಜ್ಜೆಗುರುತು
ಜೊತೆಗೊಂದು ಹೆಜ್ಜೆ ಪಟ್ಟಿ ಮಾಡಿ. ಹಾದಿ ಮೇಲೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ ನೆಲ ಕೆದಕಿ, ಜರಡಿ ಹಿಡಿದ ಮಣ್ಣು ಒಂದೆರಡು ಸೆಂ.ಮೀ. ದಪ್ಪ ಹರಡಿ ಹಲಗೆಯಿಂದ ಸಮ ಮಾಡಿ. ಬೆಳಗ್ಗೆ 6ಕ್ಕೆ ನೋಡಿ ಸವರಿ, ಸಂಜೆ 6ಕ್ಕೆ ಮತ್ತೆ ನೋಡಿ. ಜಿಂಕೆ ಗೊರಸು ಕಿರಿದು, ತುದಿ ಚೂಪು. ಮೇಕೆಯದ್ದು ತುದಿ ಮೊಂಡು. ಹಗಲು ಮೇಕೆ ಹೊಡ್ಕೊಂಡು ಹೋಗೋ ಹಾದಿ ಆದ್ರೆ ಗೊಂದಲ ಆಗೋದು ಇಲ್ಲೇ.

ಕಡವೆ_ಕೊಂಬು
ಈಗ ಮೂಲ ಪ್ರಶ್ನೆಗೆ. ಬೇಟೆಯ ಒತ್ತಡದಲ್ಲಿ ಜಿಂಕೆ ಜಾತಿಗಳು ನಡವಳಿಕೆ ಬದಲಿಸುತ್ತವೆ ಅನ್ನೋದಕ್ಕೆ ಗಟ್ಟಿ ಪುರಾವೆ ಇದೆ. ಅದು ಎರಡು ದಾರಿಯಲ್ಲಿ ಆಗುತ್ತೆ, ಎರಡನ್ನೂ ಕಲಸಿಬಿಟ್ಟರೆ ತಪ್ಪು ತೀರ್ಮಾನಕ್ಕೆ ಬರ್ತೀವಿ.

ಮೊದಲನೆಯದು ಆಯ್ಕೆ. ಕೆನಡಾದ ಆಲ್ಬರ್ಟಾದಲ್ಲಿ ಎಲ್ಕ್ ಅನ್ನೋ ದೊಡ್ಡ ಜಿಂಕೆಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬೇಟೆಗೆ ಬಲಿಯಾದವು ಹೆಚ್ಚು ಓಡಾಡುತ್ತಿದ್ದ, ಬಯಲನ್ನು ಹೆಚ್ಚು ಬಳಸುತ್ತಿದ್ದ ಧೈರ್ಯಸ್ಥ ಪ್ರಾಣಿಗಳು. ಉಳಿದವು ಮೊದಲಿಂದಲೂ ಅಂಜುಬುರುಕ. ಹಿಂಡು ಹುಷಾರಾದಂತೆ ಕಂಡರೂ ಇಲ್ಲಿ ಯಾವ ಪ್ರಾಣಿಯೂ ಹೊಸದಾಗಿ ಏನನ್ನೂ ಕಲಿತಿರಬೇಕಿಲ್ಲ.

ಎರಡನೆಯದು ಕಲಿಕೆ. ಅದೇ ಸೀಮೆಯಲ್ಲಿ 49 ಹೆಣ್ಣು ಎಲ್ಕ್‌ಗಳನ್ನು ಹಲವು ವರ್ಷ ಹಿಂಬಾಲಿಸಿದ ಫಲಿತಾಂಶ 2017ರಲ್ಲಿ ಬಂತು. ವಯಸ್ಸಾದಂತೆ ಒಂದೊಂದು ಹೆಣ್ಣೂ ಓಡಾಟ ಕಡಿಮೆ ಮಾಡಿತು, ರಸ್ತೆ ಹತ್ತಿರ ಇದ್ದಾಗ ದಟ್ಟ ಕಾಡು, ಕಡಿದಾದ ಜಾಗ ಹಿಡಿಯಿತು. ಒಂಬತ್ತು-ಹತ್ತು ವರ್ಷ ದಾಟಿದವು ಬೇಟೆಗಾರರಿಗೆ ಹೆಚ್ಚುಕಮ್ಮಿ ಸಿಗಲೇ ಇಲ್ಲ. ನಾರ್ವೆಯ ಕೆಂಪು ಜಿಂಕೆಗಳಲ್ಲೂ ಹಾಗೇ, ಬದುಕುಳಿದ ಗಂಡುಗಳು ಬೇಟೆ ಋತು ಶುರುವಾಗ್ತಿದ್ದಂತೆ ಬಯಲು ಬಿಟ್ಟು ಕಾಡಿನ ಮರೆಗೆ ಸರಿದವು.

ಹೊತ್ತು ಬದಲಿಸೋದೂ ಹೊಸದಲ್ಲ. 62 ಸಸ್ತನಿಗಳ ಬಗೆಗಿನ 76 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಮನುಷ್ಯರ ಕಾಟ ಇದ್ದಲ್ಲಿ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟಾಗಿತ್ತು. ಗಮನಿಸಿ, ಬೇಟೆ ಇಲ್ಲದೆ ಬರೀ ಓಡಾಟ ಇದ್ದರೂ ಹೆಚ್ಚುಕಮ್ಮಿ ಅಷ್ಟೇ ಪರಿಣಾಮ.

ಹಾಗಾಗಿ ಒಟ್ಟಾರೆ ಬುದ್ಧಿ ಬೆಳೆಯಿತು ಅನ್ನಲಾರೆ. ಯಾವ ಜಾಗ, ಯಾವ ಹೊತ್ತು, ಯಾವ ಸದ್ದು ಅಪಾಯ ಅನ್ನೋದನ್ನ ಜಿಂಕೆ ನಿಖರವಾಗಿ ಕಲಿಯುತ್ತೆ. ಬಂಡೀಪುರದ ಅತಿಥಿಗೃಹಗಳ ಅಂಗಳದಲ್ಲಿ ಸಂಜೆ ಆರಾಮಾಗಿ ಮಲಗೋದೂ ಇದೇ ಚುಕ್ಕೆ ಜಿಂಕೆ. ಅಲ್ಲಿ ಮನುಷ್ಯ ಇದ್ದಾನೆ ಅಂದರೆ ಚಿರತೆ, ಸೀಳುನಾಯಿ ದೂರ ಅಂತ ಲೆಕ್ಕ.

ನಿಮ್ಮ ವಿಷಯದಲ್ಲಿ ಒಂದು ತಾಳೆ ಆಗ್ತಿಲ್ಲ. ಟಾರ್ಚ್ ಬೇಟೆ ನಡೆಯೋದು ರಾತ್ರಿ. ಅದೇ ಕಾರಣವಾಗಿದ್ದರೆ ರಾತ್ರಿ ಬರೋದು ಕಮ್ಮಿಯಾಗಬೇಕಿತ್ತು. ಹಗಲು ಬಿಟ್ಟಿವೆ ಅಂದರೆ ಹಗಲಿನದೇ ಏನೋ ಇದೆ. ಬೀದಿನಾಯಿಗಳಿವೆಯಾ?

ಆನೇಕಲ್_ಬದು
ಶಿವು ಸರ್ ಹೇಳಿದಂತೆ ಓರೆ ಮಾಡಿ, ತಗ್ಗಿಸಿ, ಟೈಮ್‌ಲ್ಯಾಪ್ಸ್ ಹಾಕಿದೆ. ಬೆಳಗ್ಗೆ 6:20ರ ಚಿತ್ರಗಳಲ್ಲಿ ಬೇಲಿಯಾಚೆ ಮರದ ನೆರಳಲ್ಲಿ ಜಿಂಕೆ ನಿಂತಿವೆ, ಮುಂಗಾಲು ಎತ್ತಿ, ಬಾಲ ನಿಗುರಿಸಿ. ಒಳಗೆ ಕಾಲಿಡ್ತಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ನಾಯಿ ಹಿಂಡು. ಹೆಜ್ಜೆ ಪಟ್ಟಿಯಲ್ಲಿ ಹಗಲು ಬರೀ ನಾಯಿ, ಮೇಕೆ. ಕಡವೆ_ಕೊಂಬು ಮೇಡಂ ಕೇಳಿದ್ದು ಸರಿ.

ಕಡವೆ_ಕೊಂಬು
ಮುಂಗಾಲು ನೆಲಕ್ಕೆ ಬಡಿದು ಬಾಲ ಎತ್ತೋದು ಅಪಾಯ ಕಂಡ ಗುರುತು. ಇದಕ್ಕೆ ಕಾರಣ ನಾಯಿಗಳೇ. ಓಡಿಸಿಕೊಂಡು ಬರೋ ನಾಯಿಗಳು ಜಿಂಕೆಗೆ ಬೇಟೆಗಾರನಷ್ಟೇ ಅಪಾಯ, ಮರಿಗಳನ್ನಂತೂ ಕೊಂದೇಬಿಡುತ್ತವೆ. ನಾಯಿ ಬರೋದು ಯಾಕೆ ಅಂತ ಹುಡುಕಿ. ಹತ್ತಿರ ಕೋಳಿ ತ್ಯಾಜ್ಯ, ಹೋಟೆಲ್ ಎಂಜಲು ಸುರಿಯೋ ಜಾಗ ಇದ್ದೇ ಇರುತ್ತೆ. ಅದು ನಿಲ್ಲದೆ ಬೇರೇನು ಮಾಡಿದರೂ ಉಪಯೋಗ ಕಮ್ಮಿ. ಪಂಚಾಯಿತಿಗೆ ಅರ್ಜಿ ಕೊಡಿ, ಟೈಮ್‌ಲ್ಯಾಪ್ಸ್ ಚಿತ್ರಗಳನ್ನೇ ಲಗತ್ತಿಸಿ.

ಸೆನ್ಸರ್_ಶಿವು
ಲೆನ್ಸ್ ಕಡೆ ನೋಡೋದು ಬೇರೆ ಸಮಸ್ಯೆ. 850ರ ಎಲ್‌ಇಡಿ ಕತ್ತಲಲ್ಲಿ ಮಂದ ಕೆಂಪಾಗಿ ಮಿನುಗುತ್ತೆ. ಎಷ್ಟೋ ಕ್ಯಾಮೆರಾಗಳು ನಮಗೆ ಕೇಳಿಸದ ಶ್ರವಣಾತೀತ ಸದ್ದನ್ನೂ ಹೊರಡಿಸುತ್ತವೆ ಅಂತ 2014ರಲ್ಲೇ ಅಳೆದು ತೋರಿಸಿದ್ದಾರೆ. ಜಿಂಕೆಯ ಕಿವಿ ನಮ್ಮ 20 ಕಿಲೋಹರ್ಟ್ಸ್ ಮಿತಿಯನ್ನು ಮೀರಿ ಕೇಳುತ್ತೆ. 940 ನ್ಯಾನೋಮೀಟರ್ ಮಾದರಿ ತಗೊಂಡರೆ ಮಿನುಗು ಬಹುಪಾಲು ಹೋಗುತ್ತೆ, ಬೆಳಕಿನ ದೂರ ಮಾತ್ರ ಸಾಕಷ್ಟು ಕುಗ್ಗುತ್ತೆ. 3-4 ಮೀಟರ್‌ಗೆ ತೊಂದರೆಯಿಲ್ಲ. ವಿಡಿಯೋ ಬಿಡಿ, ಒಂದರ ಹಿಂದೊಂದು ಮೂರು ಚಿತ್ರ ತೆಗೆಯೋ ಬರ್ಸ್ಟ್ ಇಡಿ, ಎಲ್‌ಇಡಿ ಉರಿಯೋ ಹೊತ್ತು ಕಮ್ಮಿಯಾಗುತ್ತೆ.

ಕಾರ್ಡ್ ತೆಗೆಯೋಕೆ ಪದೇಪದೇ ಹೋಗಬೇಡಿ. 32 ಜಿಬಿ ಕಾರ್ಡ್ ಹಾಕಿ ಎರಡು-ಮೂರು ವಾರಕ್ಕೊಮ್ಮೆ, ನಡುಮಧ್ಯಾಹ್ನ, ಹಾದಿ ತುಳಿಯದೆ ಹಿಂದಿನಿಂದ ಹೋಗಿ. ನೀಲಿ ಹಾಕಿ ಒಗೆದ ಬಿಳಿ ಅಂಗಿ, ಜೀನ್ಸ್ ಬೇಡ. ಜಿಂಕೆಗೆ ಕೆಂಪು, ಕಿತ್ತಳೆ ಬೇರೆಯಾಗಿ ಕಾಣಲ್ಲ. ನೀಲಿ ಮತ್ತು ಅತಿನೇರಳೆ ಅಂಚಿನ ಬೆಳಕು ಮಾತ್ರ ನಮಗಿಂತ ಚೆನ್ನಾಗಿ ಕಾಣುತ್ತೆ. ಹೊಳಪಿನ ಪುಡಿಯಲ್ಲಿ ಒಗೆದ ಬಟ್ಟೆ ಮುಂಜಾವದ ಮಬ್ಬಲ್ಲಿ ಎದ್ದು ತೋರುತ್ತೆ. ಖಾಕಿ, ಕಂದು ಹಳೆ ಬಟ್ಟೆ ಉತ್ತಮ.

ಹೆಜ್ಜೆಗುರುತು
ಬೇಟೆ ಮಾತನ್ನ ಹಾಗೇ ಬಿಡಬೇಡಿ ಅಣ್ಣ. ಬೇಲಿ ಸಂದುಗಳಲ್ಲಿ, ಪ್ರಾಣಿ ನುಸುಳೋ ಕಡೆ ಬಗ್ಗಿ ನೋಡಿ. ಬೈಕಿನ ಕ್ಲಚ್ ವೈರ್, ಬ್ರೇಕ್ ವೈರ್‌ನ ಕುಣಿಕೆ ಗೂಟಕ್ಕೋ ಬೇರಿಗೋ ಕಟ್ಟಿರುತ್ತೆ. ಅಲ್ಲಿ ಸೊಪ್ಪು ಅಡ್ಡ ಇಟ್ಟು ಹಾದಿ ಕಿರಿದು ಮಾಡಿರುತ್ತಾರೆ, ಮೊದಲು ಕಣ್ಣಿಗೆ ಬೀಳೋದು ಅದೇ. ಹಂದಿಗೆ ಅಂತ ಹಾಕಿದ ಉರುಳಿಗೆ ಜಿಂಕೆ, ಚಿರತೆನೂ ಬೀಳುತ್ತೆ. ಫೋಟೋ ತೆಗೆದು, ಜಾಗದ ಲೊಕೇಶನ್ ಸಮೇತ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಪ್ರಾಣಿ ಸಿಕ್ಕಿದ್ರೆ ಹತ್ತಿರ ಹೋಗಲೇಬೇಡಿ. ಟಾರ್ಚ್‌ನವರ ಮುಖ ನಿಮ್ಮ ಕ್ಯಾಮೆರಾದಲ್ಲಿ ಬಿದ್ದಿದ್ರೆ ಗ್ರೂಪಲ್ಲಿ ಹಾಕಬೇಡಿ, ಕಾರ್ಡ್ ಸಮೇತ ವಲಯ ಅರಣ್ಯಾಧಿಕಾರಿಗೆ ಕೊಡಿ. ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಚಿತ್ರ ಸಾಕ್ಷಿ ಆಗುತ್ತೆ. ಹಾಗೇ ಕ್ಯಾಮೆರಾ ಬೇಲಿಯೊಳಗೇ ಇರಲಿ. ಕಾಡೊಳಗೆ ಅನುಮತಿ ಇಲ್ಲದೆ ಕಟ್ಟೋ ಹಾಗಿಲ್ಲ.

ಆನೇಕಲ್_ಬದು
ನಾಯಿ ಕಾಟ ತಗ್ಗಿದ ಮೇಲೆ ಹಗಲು ವಾಪಸ್ ಬರೋಕೆ ಎಷ್ಟು ಕಾಲ ಬೇಕು?

ಕಡವೆ_ಕೊಂಬು
ದಿನದ ಲೆಕ್ಕ ಹೇಳೋಕಾಗಲ್ಲ. ವಯಸ್ಸಾದ ಹೆಣ್ಣು ಹಿಂಡಿನ ಮುಂದಿರುತ್ತೆ, ಅದು ಒಳಗೆ ಕಾಲಿಡೋವರೆಗೂ ಮಿಕ್ಕವು ನಿಲ್ಲುತ್ತವೆ. ಮರಿಗಳೂ ತಾಯಿ ಬೆಚ್ಚಿದ್ದಕ್ಕೇ ಬೆಚ್ಚೋದು ಕಲಿಯುತ್ತವೆ. ಮೊದಲು ಬದಲಾಗೋದು ಅಂಚಿನ ಹೊತ್ತು: ರಾತ್ರಿಯ ಕೊನೆ ಚಿತ್ರ 4ರಿಂದ 5ಕ್ಕೆ, ಆಮೇಲೆ 5:45ಕ್ಕೆ ಸರಿಯುತ್ತಾ ನೋಡಿ. ಮುಂಗಾರಿಗೆ ಕಾಡೊಳಗೇ ಹಸಿರು ಚಿಗುರಿದರೆ ನಿಮ್ಮಲ್ಲಿಗೆ ಬರೋದೇ ಕಮ್ಮಿಯಾಗಬಹುದು, ಅದನ್ನ ಭಯ ಅಂತ ಓದಬೇಡಿ. ಕ್ಯಾಮೆರಾದ ಜಾಗ, ಎತ್ತರ, ಸೆನ್ಸಿಟಿವಿಟಿ ಯಾವುದನ್ನೂ ಮುಟ್ಟದೆ ಮುಂದಿನ ಫೆಬ್ರವರಿ ತನಕ ಬಿಡಿ, ಟೈಮ್‌ಲ್ಯಾಪ್ಸ್ ವೇಳಾಪಟ್ಟಿಯೂ ಅದೇ ಇರಲಿ. ಫೆಬ್ರವರಿಗೆ ಫೆಬ್ರವರಿ ಹೋಲಿಸಿದರೇನೇ ಉತ್ತರ ಸಿಗೋದು.