ಸಹಾಯ ಬೇಕು: ಮರ ಹತ್ತದೆ, ನೆಲದಿಂದಲೇ ಬಿಲ್ಲಿನ ಜಿಂಕೆ ಬೇಟೆ (ಅಮೆರಿಕದ ಮಿಷಿಗನ್)

ಇಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು. ಲೈಸೆನ್ಸ್ ಇದೆ. ಬಿಳಿಬಾಲದ ಜಿಂಕೆಯ ಜಾಡಿನಿಂದ 20 ಗಜ ದೂರದಲ್ಲಿ, ಗಾಳಿ ಅಲ್ಲಿಂದ ನಮ್ಮ ಮುಖಕ್ಕೆ ಬರುವ ಹಾಗೆ ಗ್ರೌಂಡ್ ಬ್ಲೈಂಡ್ (ಅಡಗಿ ಕೂರುವ ಗುಡಾರ) ಹಾಕಿ, ಎರಡು ವಾರ ಮೊದಲೇ ಸೊಪ್ಪು-ಕೊಂಬೆ ಹೊದಿಸಿದ್ದಾಗಿದೆ. ಹಿಂದಿನ ಕಿಟಕಿ ಮುಚ್ಚಿದೆ, ಒಳಗೆ ಕಪ್ಪು ಬಟ್ಟೆ. ಇಲ್ಲದಿದ್ದರೆ ಹಿಂಬದಿ ಬೆಳಕಿಗೆ ನಮ್ಮ ಆಕಾರ ಎದ್ದು ಕಾಣುತ್ತೆ.

ತೊಡಕು ಎತ್ತರದ್ದು. ಸ್ಟೂಲ್ ತಗ್ಗಾದರೆ ಕಾಂಪೌಂಡ್ ಬಿಲ್ಲಿನ (ಎರಡೂ ತುದಿಗೆ ಚಕ್ರ ಇರುವ ಬಿಲ್ಲು) ಕೆಳಗಿನ ಚಕ್ರ ನೆಲಕ್ಕೆ ತಾಗುತ್ತೆ. ಎತ್ತರಿಸಿದರೆ ತಲೆ ಚಾವಣಿಗೆ. ಬಾಣ ಕಣ್ಣಿನ ನೇರಕ್ಕಿಂತ ಕೆಳಗಿಂದ ಹೊರಡುವುದರಿಂದ, ಪಿನ್‌ನಲ್ಲಿ (ಬಿಲ್ಲಿನ ಗುರಿ ಕಡ್ಡಿ) ದಾರಿ ಸಲೀಸಾಗಿ ಕಂಡರೂ ಕಿಟಕಿಯ ಕೆಳ ಅಂಚಿಗೆ ಬಡಿಯುತ್ತೆ.

31 ಇಂಚಿನ ಬಿಲ್ಲಿಗೆ ಎಷ್ಟು ಎತ್ತರದ ಸ್ಟೂಲ್ ಹೊಂದುತ್ತೆ? ಮಂಡಿಯೂರಿ ಹೊಡೆಯುವುದೇ ಮೇಲಾ? ಜಿಂಕೆ ತಲೆ ತಗ್ಗಿಸಿದಾಗ ಬಿಲ್ಲು ಎಳೆಯಬೇಕೋ, ಮರದ ಮರೆಗೆ ಹೋದಾಗಲೋ? ಗಾಯಗೊಂಡು ನರಳುವಂತೆ ಮಾತ್ರ ಆಗಬಾರದು. ಅನುಭವಿಗಳು ದಯವಿಟ್ಟು ಹೇಳಿ.