ಸಹಾಯ ಬೇಕು: ತೊಡೆದೇವು ಮಡಕೆಯಿಂದ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರದ ಹತ್ತಿರ, ಈಗ ಇರುವುದು ಶಿವಮೊಗ್ಗದಲ್ಲಿ.

ಆಲೆಮನೆ ಶುರುವಾದರೆ ಅಮ್ಮಮ್ಮ ತೊಡೆದೇವು ಮಾಡುತ್ತಿದ್ದರು, ಅದೇ ನಮ್ಮ ಕಡೆಯ ಕಾಗದದಷ್ಟು ತೆಳ್ಳಗಿನ ಸಿಹಿ ತಿಂಡಿ. ಬೋರಲು ಹಾಕಿದ ಮಡಕೆ, ಕೆಳಗೆ ಸಣ್ಣ ಉರಿ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಸಲ ಎಳೆದರೆ ಸುಯ್ ಅನ್ನುತ್ತಿತ್ತು. ಮೆತ್ತಗಿರುವಾಗಲೇ ತುಪ್ಪ, ಬೆಲ್ಲದ ಪುಡಿ ಹಾಕಿ ಮಡಚಬೇಕು. ಸ್ವಲ್ಪ ತಡವಾದರೂ ಗರಿಗರಿಯಾಗಿ ಮುರಿಯುತ್ತದೆ. ಹಾಗೆ ಮುರಿದ ಚೂರೆಲ್ಲ ಮಕ್ಕಳ ಪಾಲು.

ಅಮ್ಮಮ್ಮ ತೀರಿಕೊಂಡು ಆರು ವರ್ಷವಾಯಿತು. ಅಳತೆ ಯಾರೂ ಬರೆದಿಟ್ಟಿಲ್ಲ. ಅಮ್ಮನನ್ನು ಕೇಳಿದರೆ ‘ಎಲ್ಲಾ ಕಣ್ಣಂದಾಜು’ ಅನ್ನುತ್ತಾರೆ. ಕಳೆದ ವಾರ ಊರಿನ ಅಟ್ಟದಿಂದ ಅದೇ ಮಡಕೆ ಇಳಿಸಿ ತಂದೆ. ಬೆನ್ನು ಕಪ್ಪಗೆ, ನುಣ್ಣಗೆ ಹಾಗೇ ಇದೆ. ಕೈಯಿಟ್ಟಾಗ ಗಂಟಲು ಕಟ್ಟಿತು.

ಎರಡು ಲೋಟ ಅಕ್ಕಿ ನೆನೆಸಿ, ಕಬ್ಬಿನ ಹಾಲು ಹಾಕಿ ನುಣ್ಣಗೆ ರುಬ್ಬಿದೆ. ಚಿಟಿಕೆ ಅರಿಶಿನ, ಉಪ್ಪು ಹಾಕಿದೆ. ಹತ್ತು ಸಲ ಬಳಿದೆ, ಹತ್ತೂ ಅಂಟಿಕೊಂಡು ಹರಿದವು.

ಹಿಟ್ಟು ಎಷ್ಟು ತೆಳ್ಳಗಿರಬೇಕು? ಮಜ್ಜಿಗೆಯಷ್ಟಾ, ಇನ್ನೂ ನೀರಾಗಾ? ವರ್ಷಗಟ್ಟಲೆ ಬಳಸದ ಮಡಕೆಯನ್ನು ಮತ್ತೆ ಪಳಗಿಸುವುದು ಹೇಗೆ, ಎಣ್ಣೆ ಸವರಿ ಕಾಯಿಸಿದರೆ ಸಾಕಾ? ಗ್ಯಾಸ್ ಉರಿ ನಡುವೆ ಮಾತ್ರ ಜಾಸ್ತಿ ತಾಗುತ್ತದೆ ಅಲ್ವಾ, ಅದಕ್ಕೇ ಹೀಗಾಗುತ್ತಿದೆಯಾ? ಕಬ್ಬಿನ ಹಾಲು ಸಿಗದ ದಿನ ಬೆಲ್ಲದ ನೀರು ನಡೆಯುತ್ತದಾ?

ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ, ಗೊತ್ತು. ಆದರೆ ಮಗಳಿಗೆ ಈ ಮಡಕೆಯಿಂದಲೇ ಎದ್ದದ್ದನ್ನು ತಿನ್ನಿಸಬೇಕು ಅಂತ ಆಸೆ. ಸಾಗರ, ಸೊರಬ, ಸಿದ್ದಾಪುರ ಕಡೆ ಈಗಲೂ ಮನೆಯಲ್ಲಿ ತೊಡೆಯುವ ಅಕ್ಕಂದಿರು, ಅತ್ತೆಯಂದಿರು ಇದ್ದರೆ ದಯವಿಟ್ಟು ತಿಳಿಸಿ. ಒಂದು ದಿನ ನಾನೇ ಬಂದು ಪಕ್ಕದಲ್ಲಿ ಕೂತು ಕಲಿಯುತ್ತೇನೆ. ಅಕ್ಕಿ, ಬೆಲ್ಲ ನಾನೇ ತರುತ್ತೇನೆ.